ಅಮೆರಿಕದ ಚುನಾವಣೆ: ಒಂದು ದೇಶ, ಐವತ್ತು ನಿಯಮಾವಳಿಗಳು

2025ರ ಆಗಸ್ಟ್‌ನಲ್ಲಿ ಭಾರತದ ಹಲವು ಸರಕುಗಳ ಮೇಲೆ ಅಮೆರಿಕ ಶೇ 50ರಷ್ಟು ಸುಂಕ ಹೇರಿತು. ಅದರ ಮರುತಿಂಗಳೇ, ಹೊಸದಾಗಿ ಸಲ್ಲಿಸುವ ಎಚ್‌-1ಬಿ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳಿಗೂ, ಬಟ್ಟೆ ಮತ್ತು ಯಂತ್ರದ ಬಿಡಿಭಾಗಗಳನ್ನು ರಫ್ತು ಮಾಡುವವರಿಗೂ, ಮಕ್ಕಳು ಆ ದೇಶದಲ್ಲಿ ನೆಲೆಸಿರುವ ಕುಟುಂಬಗಳಿಗೂ ಅಮೆರಿಕದ ರಾಜಕೀಯವು ದೂರದ ಸುದ್ದಿಯಾಗಿ ಉಳಿದಿಲ್ಲ. 2026ರ ನವೆಂಬರ್ 3ರಂದು ಅಲ್ಲಿ ಮತ್ತೆ ಮತದಾನ ನಿಗದಿಯಾಗಿದೆ. ಆದರೆ ಆ ಸುದ್ದಿಯನ್ನು ಓದಲು ಕುಳಿತವರಿಗೆ ಪ್ರೈಮರಿ, ಕಾಕಸ್, ಎಲೆಕ್ಟೋರಲ್ ಕಾಲೇಜ್, ಸೂಪರ್ ಪ್ಯಾಕ್, ಜೆರಿಮ್ಯಾಂಡರಿಂಗ್ ಎಂಬ ಹೆಸರುಗಳು ಒಂದರ ಮೇಲೊಂದು ಎದುರಾಗುತ್ತವೆ.

ಈ ಹೆಸರುಗಳನ್ನೆಲ್ಲ ಬಿಡಿಬಿಡಿಯಾಗಿ ಉರುಹೊಡೆಯುವುದಕ್ಕಿಂತ, ಅವುಗಳ ಹಿಂದಿರುವ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಹೆಚ್ಚು ಉಪಯುಕ್ತ. ಅಮೆರಿಕದಲ್ಲಿ ‘ರಾಷ್ಟ್ರೀಯ ಚುನಾವಣೆ’ ಎಂಬುದೇ ಇಲ್ಲ. ಒಂದೇ ದಿನ, ಐವತ್ತು ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ. ತಮ್ಮ ತಮ್ಮ ಕಾನೂನಿನಂತೆ ನಡೆಸುವ ಪ್ರತ್ಯೇಕ ಚುನಾವಣೆಗಳ ಮೊತ್ತವನ್ನೇ ನಾವು ಅಮೆರಿಕದ ಚುನಾವಣೆ ಎಂದು ಕರೆಯುತ್ತೇವೆ. ನಮಗೆ ವಿಚಿತ್ರವಾಗಿ ಕಾಣುವ ಬಹುತೇಕ ವಿಷಯಗಳ ಬೇರು ಇಲ್ಲಿಯೇ ಇದೆ.

ಚುನಾವಣೆ ನಡೆಸುವವರು ಯಾರು?

ಭಾರತದಲ್ಲಿ ಲೋಕಸಭೆ ಮತ್ತು ವಿಧಾನಸಭೆಗಳ ಚುನಾವಣೆಯ ವೇಳಾಪಟ್ಟಿ, ಮತದಾರರ ಪಟ್ಟಿ, ಮತಯಂತ್ರ, ಫಲಿತಾಂಶ ಘೋಷಣೆ ಎಲ್ಲವೂ ಚುನಾವಣಾ ಆಯೋಗ ಎಂಬ ಒಂದೇ ಸಂಸ್ಥೆಯ ಅಧೀನದಲ್ಲಿವೆ. ಅಮೆರಿಕದಲ್ಲಿ ಅಂಥ ಸಂಸ್ಥೆಯಿಲ್ಲ. ಹೆಸರಿನಿಂದ ಹಾಗೆ ತೋರುವ ಫೆಡರಲ್ ಎಲೆಕ್ಷನ್ ಕಮಿಷನ್‌ನ ಕೆಲಸ ಪ್ರಚಾರದ ಹಣಕಾಸಿನ ಮೇಲೆ ಕಣ್ಣಿಡುವುದಷ್ಟೇ. ಅದು ಒಂದು ಮತಗಟ್ಟೆಯನ್ನೂ ನಡೆಸುವುದಿಲ್ಲ. ಅಲ್ಲಿನ ಸಂವಿಧಾನವು ಸಂಸತ್ತಿನ ಚುನಾವಣೆಯ ‘ಸಮಯ, ಸ್ಥಳ ಮತ್ತು ವಿಧಾನ’ವನ್ನು ಗೊತ್ತುಪಡಿಸುವ ಹೊಣೆಯನ್ನು ಮೊದಲಿಗೆ ರಾಜ್ಯಗಳ ಶಾಸನಸಭೆಗಳಿಗೆ ವಹಿಸಿ, ಅದನ್ನು ತಿದ್ದುವ ಅಧಿಕಾರವನ್ನು ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಕೊಟ್ಟಿದೆ. ನಿಜವಾದ ಕೆಲಸವನ್ನು ಮಾಡುವವರು ರಾಜ್ಯಗಳ ಒಳಗಿರುವ ಕೌಂಟಿಗಳ, ಅಂದರೆ ಸರಿಸುಮಾರು ನಮ್ಮ ಜಿಲ್ಲೆ ಅಥವಾ ತಾಲ್ಲೂಕಿನಂಥ ಘಟಕಗಳ, ಅಧಿಕಾರಿಗಳು. ಮಿಷಿಗನ್, ವಿಸ್ಕಾನ್ಸಿನ್‌ನಂಥ ಕೆಲವೆಡೆ ಪಟ್ಟಣದ ಕ್ಲರ್ಕ್‌ಗಳು. ಇವರಲ್ಲಿ ಹಲವರು ತಾವೇ ಪಕ್ಷದ ಹೆಸರಿನಲ್ಲಿ ಚುನಾವಣೆಗೆ ನಿಂತು ಗೆದ್ದು ಬಂದವರು ಎಂಬುದು ನಮ್ಮ ಓದುಗರಿಗೆ ಅಚ್ಚರಿಯೆನಿಸಬಹುದು.

ಹೀಗಾಗಿ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಆರೆಗಾನ್, ವಾಷಿಂಗ್ಟನ್, ಕೊಲರಾಡೊ ರಾಜ್ಯಗಳಲ್ಲಿ ಪ್ರತಿ ನೋಂದಾಯಿತ ಮತದಾರರ ಮನೆಗೂ ಮತಪತ್ರ ಅಂಚೆಯಲ್ಲಿ ಬರುತ್ತದೆ. ಬೇರೆ ಕೆಲವು ರಾಜ್ಯಗಳಲ್ಲಿ ಅಂಚೆ ಮತ ಬೇಕೆಂದರೆ ಕಾನೂನು ಒಪ್ಪುವ ಕಾರಣ ಕೊಡಬೇಕು. ಕೆಲವು ರಾಜ್ಯಗಳು ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತಿನ ಚೀಟಿ ಕೇಳುತ್ತವೆ, ಇನ್ನು ಕೆಲವು ಸಹಿ ಹೊಂದಿಕೆಯಾದರೆ ಸಾಕೆನ್ನುತ್ತವೆ. ಹೆಸರು ನೋಂದಾಯಿಸಿಕೊಳ್ಳುವುದು ಬಹುಮಟ್ಟಿಗೆ ಮತದಾರರದೇ ಹೊಣೆ. ನಾರ್ತ್ ಡಕೋಟಾದಲ್ಲಿ ಮಾತ್ರ ನೋಂದಣಿಯೇ ಇಲ್ಲ. ರಾಷ್ಟ್ರದ ಚುನಾವಣೆಗಳಲ್ಲಿ ಮತ ಹಾಕಲು 18 ವರ್ಷ ತುಂಬಿದ ಪೌರರಾಗಿರಬೇಕು ಎಂಬುದು ಎಲ್ಲೆಡೆ ಒಂದೇ. ಆದ್ದರಿಂದ ಗ್ರೀನ್ ಕಾರ್ಡ್ ಅಥವಾ ಎಚ್‌-1ಬಿ ವೀಸಾದ ಮೇಲೆ ಎಷ್ಟೇ ವರ್ಷಗಳಿಂದ ಅಲ್ಲಿ ದುಡಿದು ತೆರಿಗೆ ಕಟ್ಟುತ್ತಿರುವ ಕನ್ನಡಿಗರಿಗೂ ಮತದಾನದ ಹಕ್ಕಿಲ್ಲ. ಪೌರತ್ವ ಪಡೆದವರಿಗೆ ಮಾತ್ರ ಇದೆ.

ರಾಜ್ಯಗಳಿಗೆ ಬಿಟ್ಟ ಈ ಸ್ವಾತಂತ್ರ್ಯಕ್ಕೆ ಕಹಿಯಾದ ಇತಿಹಾಸವೂ ಇದೆ. ಜನಾಂಗದ ಕಾರಣಕ್ಕೆ ಮತದ ಹಕ್ಕನ್ನು ನಿರಾಕರಿಸಬಾರದೆಂದು 1870ರ 15ನೇ ತಿದ್ದುಪಡಿ ಹೇಳಿದ ಮೇಲೂ, ದಕ್ಷಿಣದ ರಾಜ್ಯಗಳು ಅಕ್ಷರ ಪರೀಕ್ಷೆ, ಮತ ತೆರಿಗೆಗಳಂಥ ಸ್ಥಳೀಯ ನಿಯಮಗಳ ಮೂಲಕವೇ ಕಪ್ಪು ಜನರನ್ನು ಸುಮಾರು ಒಂದು ಶತಮಾನ ಕಾಲ ಮತಗಟ್ಟೆಯಿಂದ ಹೊರಗಿಟ್ಟವು. 1965ರ ಮತದಾನ ಹಕ್ಕು ಕಾಯ್ದೆ ಬಂದು, ಅಂಥ ಇತಿಹಾಸವಿರುವ ಪ್ರದೇಶಗಳು ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕೆಂದು ವಿಧಿಸಿತು. ಯಾವ ಪ್ರದೇಶಗಳಿಗೆ ಈ ಕಟ್ಟು ಅನ್ವಯಿಸಬೇಕು ಎಂದು ನಿರ್ಧರಿಸುವ ಸೂತ್ರವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ರದ್ದುಪಡಿಸಿತು. ಗುರುತಿನ ಚೀಟಿ, ಅಂಚೆ ಮತದ ಕುರಿತು ಅಲ್ಲಿ ಇಂದು ನಡೆಯುವ ವಾದಗಳು ಇಷ್ಟೊಂದು ಕಾವೇರುವುದೇಕೆ ಎಂಬುದು ಈ ಹಿನ್ನೆಲೆಯಿಲ್ಲದೆ ಅರ್ಥವಾಗುವುದಿಲ್ಲ.

ಪ್ರೈಮರಿ: ಟಿಕೆಟ್ ಕೊಡುವವರೇ ಮತದಾರರು

ನಮ್ಮಲ್ಲಿ ಅಭ್ಯರ್ಥಿ ಯಾರೆಂಬುದನ್ನು ಪಕ್ಷದ ವರಿಷ್ಠರು ತೀರ್ಮಾನಿಸುತ್ತಾರೆ. ಅಮೆರಿಕದಲ್ಲಿ ಆ ತೀರ್ಮಾನವನ್ನೂ ಮತದಾನದಿಂದಲೇ ಮಾಡುತ್ತಾರೆ. ಮುಖ್ಯ ಚುನಾವಣೆಗೆ ಮೊದಲು ಒಂದೇ ಪಕ್ಷದ ಆಕಾಂಕ್ಷಿಗಳು ತಮ್ಮೊಳಗೆ ಸ್ಪರ್ಧಿಸುವ ಈ ಸುತ್ತಿಗೆ ಪ್ರೈಮರಿ ಎಂದು ಹೆಸರು. ಕೆಲವು ರಾಜ್ಯಗಳಲ್ಲಿ ಆ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಇದರಲ್ಲಿ ಮತ ಹಾಕಬಹುದು, ಇನ್ನು ಕೆಲವೆಡೆ ಯಾವ ಮತದಾರರಾದರೂ ಯಾವುದಾದರೂ ಒಂದು ಪಕ್ಷದ ಪ್ರೈಮರಿಯನ್ನು ಆರಿಸಿಕೊಳ್ಳಬಹುದು. ಕಾಕಸ್ ಎಂಬುದು ಇದರದೇ ಹಳೆಯ ರೂಪ: ಪಕ್ಷದ ಸ್ಥಳೀಯ ಬೆಂಬಲಿಗರು ಒಂದು ಸಂಜೆ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಸೇರಿ, ಚರ್ಚಿಸಿ ತಮ್ಮ ಆಯ್ಕೆಯನ್ನು ತಿಳಿಸುವ ಸಭೆ. ಅಯೋವಾ ರಾಜ್ಯದ ಕಾಕಸ್ ಇದರಲ್ಲಿ ಹೆಸರುವಾಸಿ.

ಅಧ್ಯಕ್ಷೀಯ ಸ್ಪರ್ಧೆಯಲ್ಲಿ ಈ ಸುತ್ತು ಚುನಾವಣಾ ವರ್ಷದ ಆರಂಭದಿಂದ ಬೇಸಿಗೆಯವರೆಗೆ ರಾಜ್ಯದಿಂದ ರಾಜ್ಯಕ್ಕೆ ಸಾಗುತ್ತದೆ. ಹತ್ತಾರು ರಾಜ್ಯಗಳು ಒಟ್ಟಿಗೆ ಮತ ಹಾಕುವ ದಿನವನ್ನು ‘ಸೂಪರ್ ಟ್ಯೂಸ್‌ಡೇ’ ಎನ್ನುತ್ತಾರೆ. ಮತದಾರರು ಹಾಕುವ ಮತದಿಂದ ಪ್ರತಿ ಆಕಾಂಕ್ಷಿಗೂ ಇಷ್ಟಿಷ್ಟು ಪ್ರತಿನಿಧಿಗಳು ಸಿಗುತ್ತಾರೆ. ಆ ಪ್ರತಿನಿಧಿಗಳು ಪಕ್ಷದ ಮಹಾಧಿವೇಶನದಲ್ಲಿ ಸೇರಿ ಅಭ್ಯರ್ಥಿಯನ್ನು ವಿಧ್ಯುಕ್ತವಾಗಿ ಹೆಸರಿಸುತ್ತಾರೆ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದದ್ದು ದೊಡ್ಡ ಅಸಮಾಧಾನಕ್ಕೆ ಕಾರಣವಾಗಿ, ಅದರ ನಂತರದ ಸುಧಾರಣೆಗಳಿಂದಲೇ ಇಂದಿನ ಪ್ರೈಮರಿ ಪದ್ಧತಿ ಗಟ್ಟಿಯಾಯಿತು. 2024ರಲ್ಲಿ ಪ್ರೈಮರಿಗಳು ಮುಗಿದ ಮೇಲೆ ಜೋ ಬೈಡನ್ ಜುಲೈ 21ರಂದು ಕಣದಿಂದ ಹಿಂದೆ ಸರಿದಾಗ, ಕಮಲಾ ಹ್ಯಾರಿಸ್ ಅವರನ್ನು ಆರಿಸಿದ್ದು ಮತ್ತೊಂದು ಪ್ರೈಮರಿಯಲ್ಲ, ಈ ಪ್ರತಿನಿಧಿಗಳೇ.

ಸುದ್ದಿಯಲ್ಲಿ ನವೆಂಬರ್ ತಿಂಗಳಿಗೆ ಸಿಗುವಷ್ಟು ಜಾಗ ಪ್ರೈಮರಿಗೆ ಸಿಗದಿದ್ದರೂ, ಬಹಳಷ್ಟು ಕ್ಷೇತ್ರಗಳಲ್ಲಿ ನಿಜವಾದ ತೀರ್ಪು ಅಲ್ಲಿಯೇ ಹೊರಬೀಳುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಇದಕ್ಕೆ ಕರ್ನಾಟಕದ ನಂಟಿರುವ ಒಂದು ನಿದರ್ಶನವೇ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅವರು 2022ರಲ್ಲಿ ಮಿಷಿಗನ್ ರಾಜ್ಯದ 13ನೇ ಕ್ಷೇತ್ರದಿಂದ ಅಮೆರಿಕದ ಕೆಳಮನೆಗೆ ಸ್ಪರ್ಧಿಸಿದರು. ಡೆಟ್ರಾಯಿಟ್ ನಗರದ ಭಾಗಗಳನ್ನು ಒಳಗೊಂಡ ಆ ಕ್ಷೇತ್ರ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. ಆಗಸ್ಟ್‌ನಲ್ಲಿ ನಡೆದ ಆ ಪಕ್ಷದ ಪ್ರೈಮರಿಯಲ್ಲಿ ಒಂಬತ್ತು ಮಂದಿ ಇದ್ದರು. ಥಾಣೇದಾರ್ ಸುಮಾರು ಶೇ 28ರಷ್ಟು ಮತ ಪಡೆದು ಮೊದಲಿಗರಾದರು. ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಅವರಿಗೆ ಬಂದದ್ದು ಸುಮಾರು ಶೇ 71. ಸಂಖ್ಯೆಯಲ್ಲಿ ದೊಡ್ಡದು ಎರಡನೆಯ ಗೆಲುವು. ಆದರೆ ಅವರನ್ನು ಸಂಸತ್ತಿಗೆ ಕಳಿಸಿದ್ದು ಮೊದಲನೆಯದು.

ಎಲೆಕ್ಟೋರಲ್ ಕಾಲೇಜ್: ಹೆಚ್ಚು ಮತ ಪಡೆದವರು ಸೋಲುವುದು ಹೇಗೆ?

ಅಧ್ಯಕ್ಷರನ್ನು ಆರಿಸಲು ನವೆಂಬರ್‌ನಲ್ಲಿ ಮತ ಹಾಕುವ ಅಮೆರಿಕನ್ನರು ಕಾನೂನಿನ ದೃಷ್ಟಿಯಲ್ಲಿ ಆರಿಸುವುದು ಅಧ್ಯಕ್ಷರನ್ನಲ್ಲ, ತಮ್ಮ ರಾಜ್ಯದ ‘ಎಲೆಕ್ಟರ್‌’ಗಳನ್ನು. ಪ್ರತಿ ರಾಜ್ಯಕ್ಕೂ ಕೆಳಮನೆಯಲ್ಲಿ ಎಷ್ಟು ಸದಸ್ಯರಿದ್ದಾರೋ ಅಷ್ಟು, ಜೊತೆಗೆ ಸೆನೆಟ್ಟಿನ, ಅಂದರೆ ಮೇಲ್ಮನೆಯ, ಇಬ್ಬರ ಲೆಕ್ಕದಲ್ಲಿ ಇನ್ನೂ ಎರಡು ಎಲೆಕ್ಟರ್ ಸ್ಥಾನಗಳಿವೆ. ಕೆಳಮನೆಯ 435, ಸೆನೆಟ್ಟಿನ 100, 1961ರ 23ನೇ ತಿದ್ದುಪಡಿಯ ಮೂಲಕ ರಾಜಧಾನಿಗೆ ದೊರೆತ 3 ಸೇರಿ ಒಟ್ಟು 538. ಇದರಲ್ಲಿ 270 ಪಡೆದವರು ಅಧ್ಯಕ್ಷರು. ಮೇನ್ ಮತ್ತು ನೆಬ್ರಾಸ್ಕಾ ಹೊರತುಪಡಿಸಿ ಉಳಿದ 48 ರಾಜ್ಯಗಳಲ್ಲಿ ಮತ್ತು ರಾಜಧಾನಿಯಲ್ಲಿ, ಹೆಚ್ಚು ಮತ ಪಡೆದ ಅಭ್ಯರ್ಥಿಗೆ ಅಲ್ಲಿನ ಎಲ್ಲ ಎಲೆಕ್ಟರ್‌ಗಳೂ ಇಡಿಯಾಗಿ ಹೋಗುತ್ತಾರೆ. ಅಂತರ ಒಂದೇ ಮತದ್ದಾಗಿದ್ದರೂ ಸರಿ, ನಲವತ್ತು ಲಕ್ಷದ್ದಾಗಿದ್ದರೂ ಸರಿ.

ಬ್ಯಾಡ್ಮಿಂಟನ್ ಆಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮೊದಲ ಗೇಮನ್ನು 21-5ರಿಂದ ಗೆದ್ದು, ಮುಂದಿನ ಎರಡನ್ನು 19-21, 19-21ರಿಂದ ಸೋತ ಆಟಗಾರ್ತಿ ಒಟ್ಟು 59 ಅಂಕ ಗಳಿಸಿರುತ್ತಾಳೆ, ಎದುರಾಳಿ 47 ಮಾತ್ರ. ಆದರೂ ಪಂದ್ಯ ಎದುರಾಳಿಯದು, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ಗೆದ್ದ ಗೇಮುಗಳು. 2016ರಲ್ಲಿ ಆದದ್ದು ಇದೇ: ಹಿಲರಿ ಕ್ಲಿಂಟನ್ ದೇಶದಾದ್ಯಂತ ಸುಮಾರು 29 ಲಕ್ಷ ಹೆಚ್ಚು ಮತ ಪಡೆದರೂ, ಡೊನಾಲ್ಡ್ ಟ್ರಂಪ್ 304 ಎಲೆಕ್ಟರ್‌ಗಳ ಮತದಿಂದ ಅಧ್ಯಕ್ಷರಾದರು. 2000ದಲ್ಲಿ ಅಲ್ ಗೋರ್ ಐದು ಲಕ್ಷಕ್ಕೂ ಹೆಚ್ಚಿನ ಮತಗಳಿಂದ ಮುಂದಿದ್ದರು. ಆದರೆ ಗೋರ್ ಫ್ಲೋರಿಡಾ ರಾಜ್ಯವನ್ನು ಕೇವಲ 537 ಮತಗಳಿಂದ ಕಳೆದುಕೊಂಡದ್ದರಿಂದ, ಸುಪ್ರೀಂ ಕೋರ್ಟ್ ಮರುಎಣಿಕೆಯನ್ನು ನಿಲ್ಲಿಸಿದ ಮೇಲೆ, ಜಾರ್ಜ್ ಡಬ್ಲ್ಯು. ಬುಷ್ 271 ಎಲೆಕ್ಟರ್‌ಗಳೊಂದಿಗೆ ಗೆದ್ದರು. 19ನೇ ಶತಮಾನದಲ್ಲೂ ಇಂಥ ಫಲಿತಾಂಶಗಳು ಬಂದಿದ್ದವು.

ಇಂಥ ವ್ಯವಸ್ಥೆ ಹುಟ್ಟಿದ್ದಾದರೂ ಏಕೆ? 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚಿಸಲು ಕುಳಿತವರ ಮುಂದೆ, ಅಧ್ಯಕ್ಷರನ್ನು ಸಂಸತ್ತು ಆರಿಸಬೇಕೋ ಜನರೇ ನೇರವಾಗಿ ಆರಿಸಬೇಕೋ ಎಂಬ ಪ್ರಶ್ನೆಯಿತ್ತು. ಸಂಸತ್ತು ಆರಿಸಿದರೆ ಅಧ್ಯಕ್ಷರು ಅದರ ಅಡಿಯಾಳಾಗುವರೆಂಬ ಆತಂಕ ಕೆಲವರದು. ನೇರ ಚುನಾವಣೆಯಲ್ಲಿ ತಮ್ಮ ತೂಕ ಕುಗ್ಗುವುದೆಂಬ ಭಯ ಸಣ್ಣ ರಾಜ್ಯಗಳದು. ದಕ್ಷಿಣದ ರಾಜ್ಯಗಳ ಲೆಕ್ಕ ಮತ್ತೊಂದು: ಅಲ್ಲಿನ ಜನಸಂಖ್ಯೆಯ ದೊಡ್ಡ ಭಾಗ ಮತವಿಲ್ಲದ ಗುಲಾಮರು. ಸ್ಥಾನ ಹಂಚಿಕೆಯಲ್ಲಿ ಆ ಗುಲಾಮರನ್ನು ಐದರಲ್ಲಿ ಮೂರು ಪಾಲಿನಷ್ಟು ಎಣಿಸಲು ಒಪ್ಪಂದವಾಗಿದ್ದರಿಂದ, ಎಲೆಕ್ಟರ್‌ಗಳ ಪದ್ಧತಿಯಲ್ಲಿ ಆ ಪಾಲಿನ ಲಾಭ ಒಡೆಯರಿಗೆ ಸಿಗುತ್ತಿತ್ತು. ಗುಲಾಮಗಿರಿ ಹೋಯಿತು, ಪದ್ಧತಿ ಉಳಿಯಿತು. 1969ರಲ್ಲಿ ಇದನ್ನು ತೆಗೆದುಹಾಕುವ ತಿದ್ದುಪಡಿ ಕೆಳಮನೆಯಲ್ಲಿ ಭಾರಿ ಬಹುಮತದಿಂದ ಗೆದ್ದರೂ ಸೆನೆಟ್ಟಿನಲ್ಲಿ ಮತಕ್ಕೇ ಬರಲಿಲ್ಲ. ಸಂವಿಧಾನ ತಿದ್ದಲು ಎರಡೂ ಸದನಗಳ ಮೂರನೇ ಎರಡರಷ್ಟು ಬಹುಮತ, ಅದರ ಮೇಲೆ 38 ರಾಜ್ಯಗಳ ಒಪ್ಪಿಗೆ ಬೇಕು. ಈ ಪದ್ಧತಿಯಿಂದ ಹೆಚ್ಚಿನ ತೂಕ ಪಡೆದ ರಾಜ್ಯಗಳು ಅದನ್ನು ಬಿಟ್ಟುಕೊಡಲು ಮುಂದೆ ಬರುವುದು ಕಷ್ಟ. ಸುಮಾರು 5.8 ಲಕ್ಷ ಜನರಿರುವ ವಯೋಮಿಂಗ್‌ಗೆ 3 ಎಲೆಕ್ಟರ್‌ಗಳಿದ್ದರೆ, ಸುಮಾರು 3.95 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೆ 54. ಅಂದರೆ ವಯೋಮಿಂಗ್‌ನಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ ಜನರಿಗೆ ಒಬ್ಬ ಎಲೆಕ್ಟರ್, ಕ್ಯಾಲಿಫೋರ್ನಿಯಾದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನರಿಗೆ ಒಬ್ಬ.

ಯಾರಿಗೂ 270 ಬಾರದಿದ್ದರೆ ಆಯ್ಕೆ ಕೆಳಮನೆಗೆ ಹೋಗುತ್ತದೆ, ಅಲ್ಲಿ ಪ್ರತಿ ರಾಜ್ಯಕ್ಕೆ ಒಂದೇ ಮತ. 1824ರ ಚುನಾವಣೆಯ ನಂತರ ಜಾನ್ ಕ್ವಿನ್ಸಿ ಆಡಮ್ಸ್ ಅಧ್ಯಕ್ಷರಾದದ್ದು ಹಾಗೆ.

ಏಳು ರಾಜ್ಯಗಳ ಸುತ್ತ ತಿರುಗುವ ಪ್ರಚಾರ

ರಾಜ್ಯವನ್ನು ಇಡಿಯಾಗಿ ಗೆಲ್ಲುವ ಈ ನಿಯಮವೇ ಪ್ರಚಾರದ ದಿಕ್ಕನ್ನು ಗೊತ್ತುಮಾಡುತ್ತದೆ. ಕ್ಯಾಲಿಫೋರ್ನಿಯಾ ಡೆಮಾಕ್ರಟಿಕ್ ಪಕ್ಷಕ್ಕೆ, ವಯೋಮಿಂಗ್ ರಿಪಬ್ಲಿಕನ್ ಪಕ್ಷಕ್ಕೆ ಎಂಬುದು ಮೊದಲೇ ಖಚಿತವಾಗಿರುವಾಗ, ಅಲ್ಲಿ ಅಭ್ಯರ್ಥಿಗಳು ಸಮಯ ಕಳೆಯುವುದು ವ್ಯರ್ಥ. ಯಾರ ಕಡೆಗೂ ವಾಲಬಹುದಾದ ರಾಜ್ಯಗಳನ್ನು ‘ಸ್ವಿಂಗ್ ಸ್ಟೇಟ್’ ಎನ್ನುತ್ತಾರೆ. 2024ರಲ್ಲಿ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕೆರೊಲಿನಾ, ಅರಿಝೋನಾ, ನೆವಾಡಾ ಎಂಬ ಏಳು ರಾಜ್ಯಗಳು ಈ ಪಟ್ಟಿಯಲ್ಲಿದ್ದವು. ಏಳನ್ನೂ ಗೆದ್ದ ಟ್ರಂಪ್ 312-226ರಿಂದ ಅಧ್ಯಕ್ಷರಾದರು. 2020ರಲ್ಲಿ ಬೈಡನ್ ದೇಶದಾದ್ಯಂತ 70 ಲಕ್ಷಕ್ಕೂ ಹೆಚ್ಚಿನ ಮತಗಳಿಂದ ಮುಂದಿದ್ದರೂ, ಅರಿಝೋನಾ, ಜಾರ್ಜಿಯಾ, ವಿಸ್ಕಾನ್ಸಿನ್‌ಗಳಲ್ಲಿ ಅವರ ಮುನ್ನಡೆಯನ್ನು ಕೂಡಿಸಿದರೆ ಸಿಗುವುದು ಸುಮಾರು 43 ಸಾವಿರ. ಆ ಮೂರು ಕೈತಪ್ಪಿದ್ದರೆ ಇಬ್ಬರಿಗೂ ತಲಾ 269 ಬಂದು ನಿಲ್ಲುತ್ತಿತ್ತು.

ಹಣ ಎಲ್ಲಿಂದ?

ನಮ್ಮಲ್ಲಿ ದೊಡ್ಡ ರಾಜ್ಯಗಳ ಲೋಕಸಭಾ ಅಭ್ಯರ್ಥಿಯ ವೆಚ್ಚಕ್ಕೆ 95 ಲಕ್ಷ ರೂಪಾಯಿಯ ಮಿತಿಯಿದೆ. ಅಮೆರಿಕದಲ್ಲಿ ಅಭ್ಯರ್ಥಿಯ ವೆಚ್ಚಕ್ಕೆ ಮಿತಿ ಹೇರುವುದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲಿಯೇ ಹೇಳಿದೆ. ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ನೇರವಾಗಿ ಕೊಡುವ ದೇಣಿಗೆಗೆ ಮಾತ್ರ ಮಿತಿಯಿದೆ. 2024ರಲ್ಲಿ ಅದು ಪ್ರತಿ ಚುನಾವಣೆಗೆ 3,300 ಡಾಲರ್ ಇತ್ತು. ಕಂಪನಿಗಳು ಮತ್ತು ಸಂಘಟನೆಗಳು ಸ್ವತಂತ್ರವಾಗಿ ಮಾಡುವ ಚುನಾವಣಾ ವೆಚ್ಚವನ್ನೂ ತಡೆಯುವಂತಿಲ್ಲ ಎಂದು 2010ರ ‘ಸಿಟಿಜನ್ಸ್ ಯುನೈಟೆಡ್’ ತೀರ್ಪು ಸಾರಿದ ಮೇಲೆ ಸೂಪರ್ ಪ್ಯಾಕ್‌ಗಳು ಹುಟ್ಟಿಕೊಂಡವು. ಇವು ಮಿತಿಯಿಲ್ಲದೆ ಹಣ ಸಂಗ್ರಹಿಸಿ, ಮಿತಿಯಿಲ್ಲದೆ ಖರ್ಚು ಮಾಡಬಹುದಾದ ಸಮಿತಿಗಳು. ಅಭ್ಯರ್ಥಿಯ ಕೈಗೆ ಹಣ ಕೊಡುವಂತಿಲ್ಲ, ಅಷ್ಟೇ. 2024ರಲ್ಲಿ ಉದ್ಯಮಿ ಇಲಾನ್ ಮಸ್ಕ್ ಟ್ರಂಪ್ ಮತ್ತು ರಿಪಬ್ಲಿಕನ್ನರ ಪರವಾಗಿ ವ್ಯಯಿಸಿದ 25 ಕೋಟಿ ಡಾಲರಿಗೂ ಹೆಚ್ಚಿನ ಹಣದ ಬಹುಭಾಗ ಇಂಥ ಮಾರ್ಗದಿಂದಲೇ ಹರಿಯಿತು.

ಗಡಿರೇಖೆಗಳ ಆಟ

ಕೆಳಮನೆಯ ಕ್ಷೇತ್ರಗಳ ಗಡಿಯನ್ನು ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ಹೊಸದಾಗಿ ಎಳೆಯುತ್ತಾರೆ. ಬಹುತೇಕ ರಾಜ್ಯಗಳಲ್ಲಿ ಈ ಗೆರೆ ಎಳೆಯುವ ಅಧಿಕಾರವಿರುವುದು ಅಲ್ಲಿನ ಶಾಸನಸಭೆಗೆ, ಅಂದರೆ ಅಲ್ಲಿ ಬಹುಮತವಿರುವ ಪಕ್ಷಕ್ಕೆ. ಎದುರು ಪಕ್ಷದ ಬೆಂಬಲಿಗರನ್ನು ಕೆಲವೇ ಕ್ಷೇತ್ರಗಳಲ್ಲಿ ಒತ್ತಾಗಿ ತುಂಬಿ ಅಥವಾ ಹಲವು ಕ್ಷೇತ್ರಗಳಿಗೆ ಚದುರಿಸಿ, ಅಷ್ಟೇ ಮತಗಳಿಂದ ಹೆಚ್ಚು ಸ್ಥಾನ ಪಡೆಯುವ ತಂತ್ರಕ್ಕೆ ಜೆರಿಮ್ಯಾಂಡರಿಂಗ್ ಎಂದು ಹೆಸರು. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿಯಂತೆ ರಾಜ್ಯ ಸರ್ಕಾರದ ಮುಖ್ಯಸ್ಥರು) ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯ ಒಂದು ಕ್ಷೇತ್ರ ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯನ್ನು ಹೋಲುತ್ತಿತ್ತು. ಅವರ ಹೆಸರನ್ನೂ ಆ ಪ್ರಾಣಿಯ ಹೆಸರನ್ನೂ ಬೆಸೆದು ಆಗಿನ ಪತ್ರಿಕೆಯೊಂದು ಅದನ್ನು ಗೇಲಿ ಮಾಡಿತ್ತು.

ಇದರ ಪರಿಣಾಮ ಎಷ್ಟು ತೀವ್ರವಾಗಿರಬಲ್ಲದು ಎಂಬುದನ್ನು ವಿಸ್ಕಾನ್ಸಿನ್ ರಾಜ್ಯದ 2018ರ ಶಾಸನಸಭೆ ಚುನಾವಣೆ ತೋರಿಸಿತು. ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ಒಟ್ಟಾರೆ ಸುಮಾರು ಶೇ 53ರಷ್ಟು ಮತ ಬಂದಿದ್ದರೂ ಆ ಶಾಸನಸಭೆಯ ಕೆಳಮನೆಯ 99 ಸ್ಥಾನಗಳಲ್ಲಿ ದಕ್ಕಿದ್ದು 36. ಇದರಲ್ಲಿ ಡೆಮಾಕ್ರಟಿಕ್ ಮತದಾರರು ದೊಡ್ಡ ನಗರಗಳಲ್ಲಿ ಗುಂಪಾಗಿ ನೆಲೆಸಿರುವುದರ ಪಾಲೂ ಇದೆ, ಆದರೆ ಗೆರೆಗಳ ಪಾಲು ಸಣ್ಣದಲ್ಲ. ಪಕ್ಷದ ಲಾಭಕ್ಕಾಗಿ ನಕ್ಷೆ ಬರೆದರೆ ಅದನ್ನು ತಡೆಯುವುದು ಕೇಂದ್ರದ ನ್ಯಾಯಾಲಯಗಳ ಕೆಲಸವಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2025ರಲ್ಲಿ ಟೆಕ್ಸಸ್ ರಾಜ್ಯವು ಜನಗಣತಿಗೆ ಕಾಯದೆ, ದಶಕದ ನಡುವೆಯೇ ರಿಪಬ್ಲಿಕನ್ ಪಕ್ಷಕ್ಕೆ ಅನುಕೂಲವಾಗುವ ಹೊಸ ನಕ್ಷೆ ರಚಿಸಿತು. ಅದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯಾದ ಮತದಾರರು ಅದೇ ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಅನುಕೂಲವಾಗುವ ನಕ್ಷೆಗೆ ಜನಮತದ ಮೂಲಕ ಒಪ್ಪಿಗೆ ಕೊಟ್ಟರು.

ಎಣಿಕೆ ಏಕೆ ತಡವಾಗುತ್ತದೆ?

ನವೆಂಬರ್‌ನ ಮೊದಲ ಸೋಮವಾರದ ಮಾರನೆಯ ಮಂಗಳವಾರ ಮತದಾನ ಎಂಬುದು 1845ರ ಕಾನೂನಿನಿಂದ ಬಂದದ್ದು. ಕೊಯ್ಲು ಮುಗಿದಿರುವ, ಭಾನುವಾರದ ಪ್ರಾರ್ಥನೆಗೆ ಅಡ್ಡಿಯಾಗದಂತೆ ರೈತರು ಗಾಡಿ ಕಟ್ಟಿಕೊಂಡು ಪಟ್ಟಣ ತಲುಪಬಹುದಾದ ದಿನ ಅದಾಗಿತ್ತು. ಈಗ ಅದಕ್ಕೆ ವಾರಗಳ ಮುಂಚೆಯೇ ಮತದಾನ ಆರಂಭವಾಗುತ್ತದೆ. ಮತಪತ್ರವೂ ಉದ್ದವಾದದ್ದು: ಅಧ್ಯಕ್ಷರಿಂದ ಹಿಡಿದು ಸೆನೆಟರ್, ಗವರ್ನರ್, ಕೌಂಟಿಯ ಶೆರಿಫ್, ಶಾಲಾ ಮಂಡಳಿ, ಹಲವೆಡೆ ನ್ಯಾಯಾಧೀಶರವರೆಗೆ ಎಲ್ಲರ ಆಯ್ಕೆ ಅದರಲ್ಲೇ ಇರುತ್ತದೆ.

ಅಂಚೆಯಲ್ಲಿ ಬಂದ ಲಕೋಟೆಗಳ ಸಹಿ ಪರಿಶೀಲಿಸಿ, ಬಿಚ್ಚಿ, ಸ್ಕ್ಯಾನ್ ಮಾಡಲು ಸಮಯ ಬೇಕು. ಫ್ಲೋರಿಡಾ ಈ ಕೆಲಸವನ್ನು ಮೊದಲೇ ಶುರುಮಾಡಲು ಬಿಡುವುದರಿಂದ ಅಲ್ಲಿನ ಫಲಿತಾಂಶ ಅದೇ ರಾತ್ರಿ ಸಿಗುತ್ತದೆ. ಪೆನ್ಸಿಲ್ವೇನಿಯಾದ ಕಾನೂನು ಮತದಾನದ ದಿನದ ಬೆಳಗ್ಗೆವರೆಗೆ ಲಕೋಟೆ ಮುಟ್ಟಲು ಬಿಡುವುದಿಲ್ಲ. 2024ರ ಚುನಾವಣೆಯಲ್ಲಿ ಕ್ಯಾಲಿಫೋರ್ನಿಯಾ, ಮತದಾನದ ದಿನದೊಳಗೆ ಅಂಚೆಗೆ ಹಾಕಿದ ಮತಗಳು ಏಳು ದಿನ ತಡವಾಗಿ ತಲುಪಿದರೂ ಸ್ವೀಕರಿಸಿತು. 2020ರಲ್ಲಿ ಡೆಮಾಕ್ರಟಿಕ್ ಮತದಾರರು ಹೆಚ್ಚಾಗಿ ಅಂಚೆಯನ್ನೂ ರಿಪಬ್ಲಿಕನ್ನರು ಹೆಚ್ಚಾಗಿ ಮತಗಟ್ಟೆಯನ್ನೂ ಆರಿಸಿಕೊಂಡಿದ್ದರು. ಆದ್ದರಿಂದ ಪೆನ್ಸಿಲ್ವೇನಿಯಾದಲ್ಲಿ ಮಂಗಳವಾರ ರಾತ್ರಿ ಬಹಳ ಮುಂದಿದ್ದ ಟ್ರಂಪ್ ಅಂತಿಮವಾಗಿ ಸುಮಾರು 80 ಸಾವಿರ ಮತಗಳಿಂದ ಸೋತರು. ಎಣಿಕೆಯ ಅನುಕ್ರಮದಿಂದ ಮುನ್ನಡೆ ಬದಲಾದದ್ದನ್ನು ಅಕ್ರಮವೆಂದು ತಿಳಿಯುವುದು ತಪ್ಪು. ಆಗ ಹೂಡಿದ ಹತ್ತಾರು ಮೊಕದ್ದಮೆಗಳಲ್ಲಿ ಫಲಿತಾಂಶವನ್ನು ಬದಲಿಸುವಂಥ ಅಕ್ರಮ ಯಾವ ನ್ಯಾಯಾಲಯದಲ್ಲೂ ಸಾಬೀತಾಗಲಿಲ್ಲ.

ಚುನಾವಣೆಯ ರಾತ್ರಿ ವಿಜೇತರ ಹೆಸರು ಹೇಳುವವರು ಅಸೋಸಿಯೇಟೆಡ್ ಪ್ರೆಸ್ ಮತ್ತು ಟಿ.ವಿ. ವಾಹಿನಿಗಳು; ಅದು ಅಧಿಕೃತವಲ್ಲ. ಕೌಂಟಿಗಳು ಲೆಕ್ಕ ತಾಳೆ ಹಾಕಿ, ರಾಜ್ಯವು ದೃಢೀಕರಿಸಿ, ಡಿಸೆಂಬರ್‌ನಲ್ಲಿ ಎಲೆಕ್ಟರ್‌ಗಳು ತಮ್ಮ ರಾಜ್ಯಗಳಲ್ಲಿ ಮತ ಹಾಕಿ, ಜನವರಿ 6ರಂದು ಕಾಂಗ್ರೆಸ್ ಅದನ್ನು ಎಣಿಸಿ, ಜನವರಿ 20ರಂದು ಪ್ರಮಾಣವಚನ ನಡೆಯುತ್ತದೆ. 2021ರ ಜನವರಿ 6ರಂದು ಸಂಸತ್ ಭವನದ ಮೇಲೆ ದಾಳಿ ನಡೆದದ್ದು ಈ ಎಣಿಕೆಯ ಹೊತ್ತಿನಲ್ಲಿಯೇ. ಉಪಾಧ್ಯಕ್ಷರಿಗೆ ಆ ದಿನ ಫಲಿತಾಂಶ ತಿರಸ್ಕರಿಸುವ ಅಧಿಕಾರವಿಲ್ಲವೆಂದು 2022ರಲ್ಲಿ ಕಾನೂನು ತಿದ್ದಿ ಸ್ಪಷ್ಟಪಡಿಸಲಾಯಿತು.

2026ರ ಮಧ್ಯಾವಧಿ ಚುನಾವಣೆ

ಕೆಳಮನೆಯ 435 ಸದಸ್ಯರ ಅವಧಿ ಎರಡೇ ವರ್ಷ, ಸೆನೆಟರ್‌ಗಳದು ಆರು. ಅಧ್ಯಕ್ಷರ ನಾಲ್ಕು ವರ್ಷಗಳ ಮಧ್ಯದಲ್ಲಿ ಬರುವ ಈ ಚುನಾವಣೆಯಲ್ಲಿ ಕೆಳಮನೆ ಪೂರ್ತಿಯಾಗಿ, ಸೆನೆಟ್ಟಿನ ಮೂರನೇ ಒಂದರಷ್ಟು ಭಾಗ ಹೊಸದಾಗಿ ಆಯ್ಕೆಯಾಗುತ್ತದೆ. ನಮ್ಮಂತೆ ಸರ್ಕಾರ ಬೀಳುವ ಪ್ರಶ್ನೆ ಇಲ್ಲಿಲ್ಲ. ಫಲಿತಾಂಶ ಏನೇ ಬಂದರೂ ಅಧ್ಯಕ್ಷರು ತಮ್ಮ ಅವಧಿ ಮುಗಿಸುತ್ತಾರೆ. ಆದರೆ ಬಜೆಟ್, ತನಿಖಾ ಸಮಿತಿಗಳು, ದೋಷಾರೋಪಣೆ ಎಲ್ಲವೂ ಕೆಳಮನೆಯ ಬಹುಮತದ ಕೈಯಲ್ಲಿರುತ್ತವೆ. ಸುಂಕ ವಿಧಿಸುವ ಮೂಲ ಅಧಿಕಾರವನ್ನೂ ಸಂವಿಧಾನ ಕೊಟ್ಟಿರುವುದು ಕಾಂಗ್ರೆಸ್ಸಿಗೆ. ಅಧ್ಯಕ್ಷರು ಅದನ್ನು ಬಳಸುವುದು ಕಾಂಗ್ರೆಸ್ ಹಿಂದೆ ಮಾಡಿದ ಕಾನೂನುಗಳ ಬಲದಿಂದ. ಎರಡನೇ ಮಹಾಯುದ್ಧದ ನಂತರದ ಮಧ್ಯಾವಧಿಗಳಲ್ಲಿ 1998 ಮತ್ತು 2002 ಬಿಟ್ಟರೆ ಪ್ರತಿ ಸಲವೂ ಅಧ್ಯಕ್ಷರ ಪಕ್ಷ ಕೆಳಮನೆಯಲ್ಲಿ ಸ್ಥಾನ ಕಳೆದುಕೊಂಡಿದೆ. 2024ರಲ್ಲಿ ರಿಪಬ್ಲಿಕನ್ನರು ಗೆದ್ದದ್ದು 220, ಡೆಮಾಕ್ರಟರು 215. ಇಷ್ಟು ಕಿರಿದಾದ ಅಂತರದಲ್ಲಿ ಟೆಕ್ಸಸ್, ಕ್ಯಾಲಿಫೋರ್ನಿಯಾಗಳ ನಕ್ಷೆ ಬದಲಾವಣೆ ಏಕೆ ಅಷ್ಟು ದೊಡ್ಡ ಸುದ್ದಿಯಾಯಿತೆಂಬುದನ್ನು ಬೇರೆ ಹೇಳಬೇಕಿಲ್ಲ.

ಅದೇ ದಿನ 36 ರಾಜ್ಯಗಳು ತಮ್ಮ ಗವರ್ನರ್‌ಗಳನ್ನು, ಅವುಗಳಲ್ಲಿ ಹಲವು ಚುನಾವಣೆಯ ಉಸ್ತುವಾರಿ ಹೊತ್ತ ಸೆಕ್ರೆಟರಿ ಆಫ್ ಸ್ಟೇಟ್ ಎಂಬ ಅಧಿಕಾರಿಯನ್ನೂ ಆರಿಸುತ್ತವೆ. 2028ರ ಅಧ್ಯಕ್ಷೀಯ ಚುನಾವಣೆ ನಡೆದಾಗ ಆ ರಾಜ್ಯಗಳ ಮತದಾರರ ಪಟ್ಟಿ ಇವರ ಮೇಲ್ವಿಚಾರಣೆಯಲ್ಲಿರುತ್ತದೆ, ಎಲೆಕ್ಟರ್‌ಗಳ ಪ್ರಮಾಣಪತ್ರಕ್ಕೆ ಸಹಿ ಹಾಕುವವರೂ ಇವರೇ ಆಗಿರುತ್ತಾರೆ.